ಎಣಿಕೆಯ ಮೇಲೊಂದು ಬಂಗಡೆ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಈ ವಿಭಾಗಕ್ಕೆ ಇಷ್ಟು ವರ್ಷ ನಾನು ಬರೆದ ಪತ್ರಗಳೆಲ್ಲವೂ ದೂರುಗಳೇ. ಬೀದಿದೀಪ ಉರಿಯುತ್ತಿಲ್ಲ, ಗಟಾರ ತುಂಬಿದೆ, ಬೆಳಗಿನ ಬಸ್ಸು ಹೊತ್ತಿಗೆ ಬರುವುದಿಲ್ಲ ಎಂಬಂಥವು. ಅವುಗಳಲ್ಲಿ ಒಂದನ್ನೂ ಹಿಂಪಡೆಯುವ ಉದ್ದೇಶ ನನಗಿಲ್ಲ. ಆದರೆ ಎಲ್ಲವೂ ಸರಿಯಾಗಿ ನಡೆದ ದಿನದ ಬಗ್ಗೆ ನಾನು ಒಮ್ಮೆಯೂ ಪೆನ್ನು ಹಿಡಿದಿಲ್ಲವೆಂಬುದು ಕಳೆದ ವಾರ ಕಾರವಾರದ ಮೀನು ಪೇಟೆಯಲ್ಲಿ ನಿಂತಿದ್ದಾಗ ಹೊಳೆಯಿತು.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲವಾದ್ದರಿಂದ ಎರಡು ತಿಂಗಳು ನಮ್ಮ ಅಡುಗೆಮನೆ ಹೆಚ್ಚಾಗಿ ಒಣಮೀನನ್ನೇ ನೆಚ್ಚಿಕೊಂಡಿತ್ತು. ನಿಷೇಧ ಮುಗಿದ ಮೇಲೆ ಬಂದ ತಾಜಾ ಬಂಗಡೆಯನ್ನು, ನಾನು ಯಾವಾಗಲೂ ಕೊಳ್ಳುವ ಹೆಂಗಸು ಹತ್ತು ಎಣಿಸಿ ಚೀಲಕ್ಕೆ ಹಾಕಿದರು. ಆಮೇಲೆ ಬುಟ್ಟಿಯ ಅಂಚಿನಲ್ಲಿ ಬೇರೆಯಾಗಿ ಇಟ್ಟಿದ್ದ, ಕಣ್ಣು ಇನ್ನೂ ಫಳಫಳ ಹೊಳೆಯುತ್ತಿದ್ದ ಒಂದನ್ನು ಎತ್ತಿ, "ಇದು ಕೊಸ್ರು, ಅಕ್ಕೋರೇ. ನಮ್ಮ ಹುಡ್ಗಿಗೆ ಮಗ್ಗಿ ಬಾಯಿಪಾಠ ಮಾಡ್ಸಿದ್ರಲ್ಲ" ಎಂದರು. ಆ ಹುಡುಗಿ ಯಾರೆಂದು ನನಗೆ ನೆನಪಾಗಲಿಲ್ಲ. ಅದಕ್ಕಿಂತ ನಾಚಿಕೆಯ ಸಂಗತಿಯೆಂದರೆ, ಹನ್ನೊಂದು ವರ್ಷಗಳಿಂದ ಅವರ ಬಳಿಯೇ ಮೀನು ಕೊಳ್ಳುತ್ತಿರುವ ನನಗೆ ಅವರ ಹೆಸರೂ ಗೊತ್ತಿರಲಿಲ್ಲ. (ಕೊಸರೆಂದರೆ ಚೌಕಾಸಿ ಮಾಡಿ ಗಿಟ್ಟಿಸಿಕೊಂಡದ್ದು ಎಂದು ತಿಳಿದವರಿದ್ದಾರೆ. ಹಾಗೆ ಗಿಟ್ಟಿಸಿಕೊಂಡದ್ದು ವ್ಯಾಪಾರವೇ ಹೊರತು ಕೊಸರಲ್ಲ. ಕೊಸರನ್ನು ಕೊಡುವವರು ತಾವಾಗಿಯೇ ಕೊಡಬೇಕು.)

ಮಕ್ಕಳಿಗೆ 'ಕೃತಜ್ಞ' ಪದವನ್ನು ಬಿಡಿಸಿ ಹೇಳುವಾಗ 'ಮಾಡಿದ್ದನ್ನು ಬಲ್ಲವನು' ಎಂದು ಹಲಗೆಯ ಮೇಲೆ ಬರೆಯುತ್ತಿದ್ದವಳು ನಾನು. ಈಗ ಹಲವರು ರಾತ್ರಿ ಮಲಗುವ ಮುನ್ನ ಡೈರಿಯಲ್ಲಿ ಆ ದಿನದ ಮೂರು ಒಳ್ಳೆಯ ಸಂಗತಿಗಳನ್ನು ಬರೆದಿಡುತ್ತಾರೆ, ಅದು ತಪ್ಪಲ್ಲ. ಆದರೆ ಪದದ ಅರ್ಥ ಮನಸ್ಸಿನ ಹಿತಕ್ಕಿಂತ ಮೊದಲು ಅರಿವಿನ ಕಡೆಗೆ ಬೆರಳು ತೋರಿಸುತ್ತದೆ: ಯಾರು ಮಾಡಿದರು, ಏನು ಮಾಡಿದರು ಎಂಬುದು ಗೊತ್ತಿರಬೇಕು. ಆ ಲೆಕ್ಕದಲ್ಲಿ ಅಂದು ಪೇಟೆಯಲ್ಲಿ ಕೃತಜ್ಞರಾಗಿದ್ದವರು ಮೀನು ಮಾರುವವರೇ ಹೊರತು ಕೊಂಡವಳಲ್ಲ.

ಸದಾಶಿವಗಡದಿಂದ ಪೇಟೆಗೆ ಬರಲು ನಾನು ಕಾಳಿ ನದಿ ದಾಟಬೇಕು. 2024ರ ಆಗಸ್ಟ್ 7ರ ನಸುಕಿನಲ್ಲಿ ಹಳೆಯ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿದ್ದಾಗ, ಚಾಲಕನನ್ನು ಆ ಕತ್ತಲಲ್ಲಿ ಮೀನುಗಾರರು ಮತ್ತು ಪೊಲೀಸರು ಸೇರಿ ಉಳಿಸಿದರು. ಪಕ್ಕದ ಹೊಸ ಸೇತುವೆಯ ಮೇಲೂ ಕೆಲಕಾಲ ಸಂಚಾರ ನಿಂತಿತ್ತು. ಹಳೆಯ ಸೇತುವೆಯನ್ನು ಸುಮಾರು ನಲವತ್ತು ವರ್ಷ ನಾವು ದಾಟಿದ್ದೆವು, ಒಂದು ದಿನವೂ ಅದನ್ನು ನೋಡಿರಲಿಲ್ಲ. ಬಿದ್ದ ಮೇಲೆ ನೋಡಲು ಜನ ಕಿಕ್ಕಿರಿದರು, ಅವರಲ್ಲಿ ನಾನೂ ಒಬ್ಬಳು. ಅದಕ್ಕೂ ಮೂರು ವಾರ ಮೊದಲು, ಜುಲೈ 16ರಂದು, ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬದಿಯ ಚಹಾದಂಗಡಿಯನ್ನು ಅದರ ಮನೆಯವರ ಸಮೇತ ಕೊಚ್ಚಿಕೊಂಡು ಹೋಯಿತು. ಅಲ್ಲಿ ಲಾರಿ ನಿಲ್ಲಿಸಿ ಚಹಾ ಕುಡಿದು, ಚಿಲ್ಲರೆ ಎಣಿಸಿ ಕೊಟ್ಟು ಮುಂದೆ ಹೋದವರಿಗೆ ಆ ಮನೆಯವರ ಮುಖ ನೆನಪಿದೆಯೋ ಇಲ್ಲವೋ ಎಂಬ ಯೋಚನೆ ಆ ದಾರಿಯಲ್ಲಿ ಹೋಗುವಾಗಲೆಲ್ಲ ನನಗೆ ಬರುತ್ತದೆ.

ಈಗ ಬಸ್ಸು ಕಾಳಿಯ ಮೇಲೆ ಬಂದಾಗ ಕಿಟಕಿಯಿಂದ ಹೊರಗೆ ನೋಡುವುದನ್ನು ರೂಢಿಸಿಕೊಂಡಿದ್ದೇನೆ. ನದಿ ಕಡಲನ್ನು ಸೇರುವ ಆ ಅಳಿವೆಯಲ್ಲಿ ಬಲೆ ಬೀಸುವವರ ದೋಣಿ ಕಾಣುತ್ತದೆ. ತಲೆಯ ಮೇಲೆ ಬುಟ್ಟಿ ಹೊತ್ತು ಓಡಿಬರುವ ಹೆಂಗಸಿಗಾಗಿ ಸೀಟಿ ಊದದೆ ಅರೆನಿಮಿಷ ಕಾಯುವ ಕಂಡಕ್ಟರ್ ಕಾಣುತ್ತಾರೆ. ಮೊದಲು ಇದೇ ಅರೆನಿಮಿಷಕ್ಕೆ ನಾನು ಗೊಣಗುತ್ತಿದ್ದೆ. ಇಳಿಯುವಾಗ ಅವರಿಗೆ 'ಉಪಕಾರ ಆಯ್ತು' ಎಂದರೆ ಮೊದಮೊದಲು ವಿಚಿತ್ರವಾಗಿ ನೋಡುತ್ತಿದ್ದರು, ಈಗ ತಲೆಯಾಡಿಸುತ್ತಾರೆ.

ಹೀಗೆ ಬರೆದರೆ, ಇದ್ದುದರಲ್ಲಿ ತೃಪ್ತರಾಗಿ ಸುಮ್ಮನಿರಿ ಎಂದು ಹೇಳುತ್ತಿದ್ದೇನೆಂದು ಯಾರಾದರೂ ಭಾವಿಸಬಹುದು. ಖಂಡಿತ ಅಲ್ಲ. ಚಾಲಕನಿಗೆ ಉಪಕಾರ ಹೇಳುವ ಬಾಯಿಯೇ ರಸ್ತೆಯ ಹೊಂಡದ ಬಗ್ಗೆ ಕೇಳಬೇಕು, ಏಕೆಂದರೆ ಆ ಹೊಂಡದಲ್ಲಿ ದಿನವಿಡೀ ಬಸ್ಸು ಇಳಿಸಿ ಏರಿಸುವವನು ಅವನೇ.

ಮೊನ್ನೆ ಪೇಟೆಗೆ ಹೋದಾಗ ಮೀನು ಮಾರುವವರ ಹೆಸರು ಕೇಳಿದೆ. ನಗುತ್ತಾ ಹೇಳಿದರು, ಪತ್ರಿಕೆಯಲ್ಲಿ ಹಾಕಲು ಒಪ್ಪಿಗೆ ಕೇಳಿಲ್ಲವಾದ್ದರಿಂದ ಇಲ್ಲಿ ಬರೆದಿಲ್ಲ. ಅವರ ಮಗಳು ಈಗ ನರ್ಸಿಂಗ್ ಓದುತ್ತಿದ್ದಾಳಂತೆ. ಅಂದಹಾಗೆ, ನಮ್ಮ ಓಣಿಯ ಬೀದಿದೀಪ ಇನ್ನೂ ಉರಿಯುತ್ತಿಲ್ಲ. ಅದರ ಪತ್ರವನ್ನು ಪ್ರತ್ಯೇಕವಾಗಿ ಕಳುಹಿಸುತ್ತೇನೆ.

– ನಿವೃತ್ತ ಶಿಕ್ಷಕಿ, ಸದಾಶಿವಗಡ, ಕಾರವಾರ