ಗ್ಯಾಲಕ್ಸಿ ಚಿತ್ರದ ಕೆಳಗೆ ಎರಡು ಸಾಲು ಬರೆಯಿರಿ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಸುರುಳಿ ಗ್ಯಾಲಕ್ಸಿಯ ದೊಡ್ಡ ಚಿತ್ರ ಹಾಕಿದ್ದೀರಿ. ಕಣ್ಣಿಗೇನೋ ಹಬ್ಬವೇ. ಆದರೆ ಅದು ದೂರದರ್ಶಕದಲ್ಲಿ ತೆಗೆದ ಫೋಟೊನೋ, ಯಾರೋ ಕೂತು ಬರೆದ ಚಿತ್ರವೋ ಗೊತ್ತಾಗಲಿಲ್ಲ. ಮೂಲೆಯಲ್ಲಿ ‘ಅಂತರ್ಜಾಲ ಕೃಪೆ’ ಅಂತ ಮಾತ್ರ ಇತ್ತು. ಅರಸೀಕೆರೆಯಲ್ಲಿ ಬಹಳ ಕಾಲ ಫೋಟೊ ಸ್ಟುಡಿಯೊ ನಡೆಸಿದವನು ನಾನು. ಇಂಥದ್ದು ಕಂಡರೆ ಸುಮ್ನೆ ಇರಲು ಆಗುವುದಿಲ್ಲ.

ದೂರದ ಗ್ಯಾಲಕ್ಸಿಗಳನ್ನು ಹುಡುಕುವುದೆಲ್ಲ ಕಂಪ್ಯೂಟರ್ ಕೆಲಸ ಎಂಬಂತೆ ಜತೆಗಿನ ಲೇಖನದಲ್ಲಿತ್ತು. ಈಗ ಇರಬಹುದು. ಆದರೆ ನಮಗೆ ಗೊತ್ತಿರುವ ಅತಿ ದೊಡ್ಡ ಸುರುಳಿ ಗ್ಯಾಲಕ್ಸಿಗಳಲ್ಲಿ ಒಂದಾದ ಮಾಲಿನ್ 1, 1986ರಲ್ಲಿ ಸಿಕ್ಕಿದ್ದು ಡಾರ್ಕ್‌ರೂಮಿನ, ಅಂದರೆ ಫೋಟೊ ತೊಳೆಯುವ ಕತ್ತಲೆ ಕೋಣೆಯ ಕೈಚಳಕದಿಂದ. ಆ ಕೈ ಡೇವಿಡ್ ಮಾಲಿನ್ ಅವರದ್ದು. ಇಂಗ್ಲೆಂಡಿನವರು, ಮೂಲತಃ ರಸಾಯನಶಾಸ್ತ್ರದ ಕೆಲಸದವರು. 1975ರಲ್ಲಿ ಆಂಗ್ಲೋ-ಆಸ್ಟ್ರೇಲಿಯನ್ ವೀಕ್ಷಣಾಲಯಕ್ಕೆ ಫೋಟೊ ಕೆಲಸಕ್ಕೆಂದೇ ಸೇರಿದರು.

ಆಗ ಆಕಾಶದ ಫೋಟೊ ಗಾಜಿನ ಪ್ಲೇಟಿನ ಮೇಲೆ. ಆಸ್ಟ್ರೇಲಿಯಾದ ಸೈಡಿಂಗ್ ಸ್ಪ್ರಿಂಗ್ ಬೆಟ್ಟದಲ್ಲಿ, ಆಕಾಶದ ಅಗಲವಾದ ಭಾಗವನ್ನು ಒಮ್ಮೆಗೇ ಹಿಡಿಯುವ ಶ್ಮಿಟ್ ದೂರದರ್ಶಕಕ್ಕೆ ಹಾಕುತ್ತಿದ್ದ ಪ್ಲೇಟು 14 ಇಂಚು ಚೌಕ, ದಪ್ಪ ಬರೀ 1 ಮಿಲಿಮೀಟರ್. ಕತ್ತಲಲ್ಲಿ ಅಂಥ ಗಾಜನ್ನು ಡೆವಲಪರ್ ಟ್ರೇಗೆ ಇಳಿಸುವುದನ್ನು ನೆನೆದರೇ ಕೈ ಬೆವರುತ್ತದೆ. ತೀರಾ ಮಂಕು ಬೆಳಕು ಬಿದ್ದ ಕಡೆ ಚಿತ್ರ ಎಮಲ್ಷನ್ನಿನ, ಅಂದರೆ ಗಾಜಿಗೆ ಬಳಿದ ಬೆಳಕು ಹಿಡಿಯುವ ಲೇಪದ, ಮೇಲ್ಪದರದಲ್ಲೇ ಮೂಡಿರುತ್ತದೆ. ಮಾಲಿನ್ ಹಿಡಿದದ್ದು ಇದನ್ನೇ. ಪ್ಲೇಟಿಗೆ ಹೈ ಕಾಂಟ್ರಾಸ್ಟ್ ಫಿಲ್ಮ್ (ಕಪ್ಪು ಬಿಳುಪಿನ ವ್ಯತ್ಯಾಸ ಎತ್ತಿ ತೋರಿಸುವ ಫಿಲ್ಮ್) ಒತ್ತಿ, ಹರಡಿದ ಬೆಳಕು ಕೊಟ್ಟು ಹಾಗೇ ಅಂಟಿಸಿಟ್ಟಂತೆ ಕಾಂಟ್ಯಾಕ್ಟ್ ಪ್ರಿಂಟ್ ಹಾಕಿದರೆ ಆ ಮೇಲ್ಪದರ ಮಾತ್ರ ಎದ್ದು ಬರುತ್ತದೆ. ಒಂದೇ ಜಾಗದ ಹಲವು ಪ್ಲೇಟುಗಳಿಂದ ಹೀಗೆ ಫಿಲ್ಮ್ ತೆಗೆದು, ನಕ್ಷತ್ರದ ಮೇಲೆ ನಕ್ಷತ್ರ ಕೂರುವ ಹಾಗೆ ಸೇರಿಸಿ ಪ್ರಿಂಟ್ ಹಾಕಿದರೆ ಗ್ರೇನ್ (ಫೋಟೊದಲ್ಲಿ ಕಾಣುವ ಚುಕ್ಕಿಚುಕ್ಕಿ) ಅಡಗಿ, ನಿಜವಾಗಿ ಇರುವುದು ಗಟ್ಟಿಯಾಗುತ್ತದೆ. ಎಸ್ಸೆಸ್ಸೆಲ್ಸಿ ಮಕ್ಕಳ ಹಾಲ್ ಟಿಕೆಟ್‌ಗೆ ಫೋಟೊ ತೊಳೆದುಕೊಟ್ಟ ನನಗೆ ಇದನ್ನು ಓದಿದಾಗ ಆದ ಖುಷಿ ಅಷ್ಟಿಷ್ಟಲ್ಲ.

ಕನ್ಯಾ ರಾಶಿಯ ಕಡೆ ಇರುವ ಗ್ಯಾಲಕ್ಸಿ ಗುಂಪಿನಲ್ಲಿ ಮಂಕಾದ ಪುಟ್ಟ ಗ್ಯಾಲಕ್ಸಿಗಳನ್ನು ಹುಡುಕಲು ಈ ಕಸರತ್ತು. ಅದರಲ್ಲೊಂದು ಮಂಕು ಕಲೆ ಸಿಕ್ಕಿತು. ದೂರ ಅಳೆದರೆ ಅದು ಆ ಗುಂಪಿನದೇ ಅಲ್ಲ. ಗುಂಪಿರುವುದು ಸುಮಾರು 5.4 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ, ಇದು ಹತ್ತಿರಹತ್ತಿರ 120 ಕೋಟಿ! ಅಷ್ಟು ದೂರದಿಂದಲೂ ಅಷ್ಟಗಲ ಕಾಣಬೇಕಾದರೆ ಅದೆಷ್ಟು ದೊಡ್ಡದಿರಬೇಕು, ಅಲ್ವಾ? ಅಡ್ಡಳತೆ 5 ಲಕ್ಷ ಜ್ಯೋತಿರ್ವರ್ಷಕ್ಕೂ ಜಾಸ್ತಿ. ನಮ್ಮ ಕ್ಷೀರಪಥದ್ದು 1 ಲಕ್ಷದ ಆಸುಪಾಸು. ಇಂಥ ದೈತ್ಯ ಯಾರ ಕಣ್ಣಿಗೂ ಬೀಳದೆ ಇದ್ದದ್ದಕ್ಕೆ ಕಾರಣವಿದೆ. ಅಮಾವಾಸ್ಯೆಯ ಆಕಾಶಕ್ಕೂ ತನ್ನದೇ ಒಂದಿಷ್ಟು ಬೆಳಕಿರುತ್ತದೆ. ಈ ಗ್ಯಾಲಕ್ಸಿಯ ಹೊರಭಾಗ ಅದಕ್ಕಿಂತಲೂ ಎಷ್ಟೋ ಮಂಕು.

ಇದರ ನಡುವೆ ದಂಡದಂತೆ ನಕ್ಷತ್ರಗಳ ಪಟ್ಟಿ ಇದೆ ಅನ್ನುವುದು ತಿಳಿದದ್ದು 2007ರಲ್ಲಿ. ಹಬಲ್ ದೂರದರ್ಶಕ ಹಿಂದೆಂದೋ ತೆಗೆದಿಟ್ಟ ಚಿತ್ರವನ್ನು ಆರನ್ ಬಾರ್ತ್ ಎಂಬ ವಿಜ್ಞಾನಿ ಮತ್ತೆ ತೆರೆದು ನೋಡಿದರು. ಸುರುಳಿ ತೋಳುಗಳು ನೀಟಾಗಿ ಕಂಡದ್ದು 2015ರಲ್ಲಿ, ಚಿಲಿಯ ಮೆಗೆಲನ್ ದೂರದರ್ಶಕದಿಂದ.

ಮಾಲಿನ್ ತೆಗೆದ ಕಪ್ಪು ಬಿಳುಪಿನ ಆ ಚಿತ್ರವನ್ನು ಕಳಿಸಿದ್ದರೆ ನಿಮ್ಮ ಪುಟ ವಿನ್ಯಾಸದವರು ‘ಇದರಲ್ಲಿ ಏನೂ ಕಾಣ್ತಿಲ್ಲ ಸಾರ್’ ಅಂತ ಪಕ್ಕಕ್ಕೆ ಇಡುತ್ತಿದ್ದರೋ ಏನೋ. ಬಣ್ಣದ ಚಿತ್ರ ಹಾಕಬೇಡಿ ಅನ್ನುವುದಿಲ್ಲ. ಫೋಟೊ ಆದರೆ ಯಾವ ದೂರದರ್ಶಕ, ಯಾವ ವರ್ಷ, ಬಣ್ಣ ಆಮೇಲೆ ಕೊಟ್ಟದ್ದೋ ಹೇಳಿ. ಕಲಾವಿದರ ಕಲ್ಪನೆಯಾದರೆ ಹಾಗಂತಲೇ ಬರೆಯಿರಿ. ಎರಡು ಸಾಲಿಗೆ ಜಾಗ ಸಾಲದಿದ್ದರೆ ಚಿತ್ರವನ್ನು ಅರ್ಧ ಇಂಚು ಕತ್ತರಿಸಿ, ನಮ್ಮ ಅಭ್ಯಂತರವಿಲ್ಲ.

– ಹಳೆಯ ಓದುಗ, ಅರಸೀಕೆರೆ