ಮಗ ಹಾಸ್ಟೆಲಿನಿಂದ ರಜೆಗೆ ಬರುವಾಗ

ಬಸವನಗುಡಿ, ಬೆಂಗಳೂರು

ಚಿ. ಸೌ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಡಿಸೆಂಬರ್ ಮೂರನೇ ವಾರ ಮಗ ಮಂಗಳೂರು ಕಡೆಯ ಹಾಸ್ಟೆಲಿನಿಂದ ಬರ್ತಾನೆ, ಮೂರು ವಾರ ಇರ್ತಾನೆ ಅಂತ ಫೋನಿನಲ್ಲಿ ಹೇಳುವಾಗ ನಿನ್ನ ದನಿಯಲ್ಲೇ ಸಂಭ್ರಮ ಕೇಳಿಸಿತು. ಅದರ ಹಿಂದೆಯೇ ಒಂದು ಪಟ್ಟಿಯನ್ನೂ ಓದಿದೆ: ತುಮಕೂರಿಗೆ ಅಜ್ಜಿ ಮನೆ, ಘಾಟಿ ಸುಬ್ರಹ್ಮಣ್ಯ, ಹಲ್ಲಿನ ಡಾಕ್ಟರು, ಯಜಮಾನರ ಆಫೀಸಿನವರ ಮನೆ ಊಟ. ಆ ಪಟ್ಟಿ ಕೇಳಿಯೇ ಈ ಕಾಗದ ಬರೆಯಲು ಕೂತೆ. ಮೊದಲ ಸೆಮಿಸ್ಟರ್ ಮುಗಿಸಿ ಬಂದ ಹುಡುಗರಿಗೂ ಹೆತ್ತವರಿಗೂ ಮನಸ್ತಾಪ ಆಗುವುದು ಸಣ್ಣ ವಿಷಯಗಳಿಗೇ. ಯಾವಾಗ ಏಳ್ತೀಯ, ಎಲ್ಲಿಗೆ ಹೊರಟೆ, ಊಟಕ್ಕೆ ಬರ್ತೀಯೋ ಇಲ್ಲವೋ. ಐದು ತಿಂಗಳು ಈ ಮೂರನ್ನೂ ಯಾರನ್ನೂ ಕೇಳದೆ ತಾನೇ ತೀರ್ಮಾನಿಸಿಕೊಂಡವನಿಗೆ ಇದ್ದಕ್ಕಿದ್ದಂತೆ ದಿನಕ್ಕೆ ಹತ್ತು ಸಲ ಉತ್ತರ ಹೇಳುವುದು ಕಷ್ಟ. ನಿನಗೂ ಈ ಐದು ತಿಂಗಳಲ್ಲಿ ಮನೆಯ ಹೊತ್ತುಗೊತ್ತು ಬೇರೆಯಾಗಿದೆ. ಅವನು ಬರುವ ಮುಂಚೆಯೇ ನೀವಿಬ್ಬರೂ ಕೂತು ಯಾವುದಕ್ಕೆ ಪಟ್ಟು ಹಿಡಿಯುವುದು, ಯಾವುದನ್ನು ಬಿಟ್ಟುಬಿಡುವುದು ಅಂತ ಮಾತಾಡಿಕೊಳ್ಳಿ. ಅವನ ಎದುರಿಗೆ ಅಪ್ಪ ಒಂದು ಅಮ್ಮ ಒಂದು ಹೇಳುವಂತಾಗಬಾರದು.

ಅವನ ರೂಮು ಈಗ ಇಸ್ತ್ರಿ ಬಟ್ಟೆ, ಹಳೇ ಪೇಪರು, ಅಕ್ಕಿ ಡ್ರಮ್ಮು ಇಡುವ ಜಾಗ ಆಗಿದೆ ಅಂದೆಯಲ್ಲ, ಅದನ್ನು ಈ ಭಾನುವಾರವೇ ತೆರವು ಮಾಡು. ಬಂದ ದಿನ ಮಂಚದ ಮೇಲಿನ ಗಂಟು ಎತ್ತಿಟ್ಟು ಮಲಗಬೇಕಾದರೆ ತನಗೆ ಈ ಮನೆಯಲ್ಲಿ ಜಾಗ ಮುಗಿಯಿತೇನೋ ಅನ್ನಿಸುತ್ತದೆ. ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ. ಬಾಗಿಲಿನ ಬೀಗದ ಕೈ ಇನ್ನೊಂದು ಮಾಡಿಸಿ ಇಟ್ಟಿರು.

ಮಂಗಳೂರು ಕಡೆಯ ರಾತ್ರಿ ಬಸ್ಸುಗಳು ಬೆಳಗಿನ ಜಾವ ತುಮಕೂರು ರಸ್ತೆ ಹಿಡಿದೇ ಊರೊಳಗೆ ಬರುತ್ತವೆ. ನಿಮ್ಮ ರಾಜಾಜಿನಗರದ ಮನೆಗೆ ಬರುವವನು ಮೆಜೆಸ್ಟಿಕ್ ತನಕ ಹೋಗಿ ಹಿಂದೆ ಬರಬೇಕಾಗಿಲ್ಲ. ಗೊರಗುಂಟೆಪಾಳ್ಯದಲ್ಲೋ ಯಶವಂತಪುರದಲ್ಲೋ ಇಳಿದು ಹಸಿರು ಮಾರ್ಗದ ಮೆಟ್ರೋ ಹತ್ತಲಿ, ಇಲ್ಲವೇ ಆಟೋ ಹಿಡಿಯಲಿ. ವಾಪಸ್ ಹೋಗುವ ಟಿಕೆಟ್ ಮಾತ್ರ ಈಗಲೇ ನೋಡು. ಸಂಕ್ರಾಂತಿಯ ಆಸುಪಾಸು ಬಸ್ಸು ರೈಲು ಎರಡೂ ತುಂಬಿರುತ್ತವೆ. ರೈಲಿನ ಮುಂಗಡ ಬುಕಿಂಗ್ 2024ರ ನವೆಂಬರ್‌ನಿಂದ 120 ದಿನದ ಬದಲು 60 ದಿನ ಮೊದಲು ಶುರುವಾಗುತ್ತದೆ. ತತ್ಕಾಲ್ ನಂಬಿಕೊಂಡು ಕೂರಬೇಡ.

ಇನ್ನೊಂದು ಮಾತು, ತಪ್ಪು ತಿಳಿಯಬೇಡ. ಅವನ ಬ್ಯಾಗನ್ನು ಬಂದ ತಕ್ಷಣ ಮಂಚದ ಮೇಲೆ ಬಿಚ್ಚಲು ಬಿಡಬೇಡ. ತಿಗಣೆ ಯಾವ ಹಾಸ್ಟೆಲಿನಿಂದಲಾದರೂ, ಯಾವ ಬಸ್ಸಿನ ಸೀಟಿನಿಂದಲಾದರೂ ಬರಬಹುದು. ಎಷ್ಟು ಚೊಕ್ಕವಾಗಿರುವವರ ಸಾಮಾನಿಗೂ ಹತ್ತುತ್ತದೆ, ಆದ್ದರಿಂದ ಅವನನ್ನು ಅಂದು ಆಡಬೇಡ. ಬಾಲ್ಕನಿಯ ಟೈಲ್ಸ್ ಮೇಲೆ ಬ್ಯಾಗ್ ಇಟ್ಟು ಹೊಲಿಗೆ ಸಾಲು, ಜಿಪ್ಪಿನ ಅಂಚು, ಒಳಜೇಬಿನ ಮೂಲೆ ಟಾರ್ಚ್ ಹಾಕಿ ನೋಡು. ಪೆನ್ನಿನ ಮಸಿ ಚಿಮ್ಮಿದ ಹಾಗೆ ಕಪ್ಪು ಚುಕ್ಕೆಗಳಿದ್ದರೆ ಅದರ ಕುರುಹು. ಬಿಸಿಲಿಗೆ ಹಾಕಿದರೆ ಹೋಗುತ್ತದೆ ಅನ್ನುವುದನ್ನು ನಂಬಬೇಡ, ಡಿಸೆಂಬರ್ ಬಿಸಿಲಿಗೆ ಅಷ್ಟು ಕಾವಿರುವುದಿಲ್ಲ. ಬಟ್ಟೆಗೆ ಸುಮಾರು 60 ಡಿಗ್ರಿ ಶಾಖ ತಗುಲಬೇಕು. ವಾಷಿಂಗ್ ಮಷೀನಿನಲ್ಲಿ ಹೀಟರ್ ಇಲ್ಲದಿದ್ದರೆ ಎರಡು ಪಾಲು ಕುದಿನೀರಿಗೆ ಒಂದು ಪಾಲು ತಣ್ಣೀರು ಬೆರೆಸಿ, ಬಟ್ಟೆ ಮುಳುಗಿಸಿ, ಮುಚ್ಚಳ ಹಾಕಿ ಅರ್ಧ ಗಂಟೆ ಬಿಡು. ಸ್ವೆಟರಿನಂಥ ಬಿಸಿನೀರು ತಾಳದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಫ್ರೀಜರಿನಲ್ಲಿ ನಾಲ್ಕು ದಿನ ಇಡು. ಇದನ್ನೆಲ್ಲ ನೀನೇ ಮಾಡಬೇಡ. ಅವನ ಕೈಯಲ್ಲಿ ಮಾಡಿಸು, ನೀನು ಪಕ್ಕದಲ್ಲಿ ನಿಂತು ತೋರಿಸು.

ಮೊದಲ ಮೂರು ದಿನ ಅವನು ಬರೀ ನಿದ್ದೆ ಮಾಡುತ್ತಾನೆ. ಮಾಡಲಿ. ಪರೀಕ್ಷೆಯ ವಾರಗಳಲ್ಲಿ ನಿದ್ದೆ ಕೆಟ್ಟಿರುತ್ತದೆ. ಅದೂ ಅಲ್ಲದೆ ಹದಿನೆಂಟು ಹತ್ತೊಂಬತ್ತರ ವಯಸ್ಸಿನಲ್ಲಿ ದೇಹದ ಗಡಿಯಾರವೇ ತಡವಾಗಿ ಓಡುತ್ತದೆ. ನಿದ್ದೆ ತರಿಸುವ ಮೆಲಟೋನಿನ್ ಅವರಿಗೆ ನಮಗಿಂತ ತಡವಾಗಿ ಏರುತ್ತದೆ, ತಡವಾಗಿ ಇಳಿಯುತ್ತದೆ. ಸೋಮಾರಿತನ ಅಂತ ಬೈದರೆ ಅದು ಸರಿಹೋಗುವುದಿಲ್ಲ. ಧನುರ್ಮಾಸ, ನೀನು ಐದಕ್ಕೇ ಎದ್ದು ಪೂಜೆ ಮಾಡುತ್ತೀಯ. ಅವನನ್ನು ಎಬ್ಬಿಸಲು ಹೋಗಬೇಡ. ಹತ್ತು ಗಂಟೆಗೆ ಎದ್ದರೂ ಹುಗ್ಗಿ ಬಿಸಿ ಮಾಡಿಕೊಂಡು ತಿನ್ನುತ್ತಾನೆ. ನಾಲ್ಕನೇ ದಿನದಿಂದ ಮನೆಯ ಒಂದು ಊಟ ಎಲ್ಲರೂ ಒಟ್ಟಿಗೆ ಅಂತ ಗೊತ್ತು ಮಾಡಿಕೋ, ರಾತ್ರಿಯದಾದರೆ ಒಳ್ಳೆಯದು. ಉಳಿದ ಹೊತ್ತು ಅವನಿಷ್ಟ. ಹೊರಡುವ ಹಿಂದಿನ ವಾರ ದಿನಕ್ಕೆ ಅರ್ಧ ಗಂಟೆಯಂತೆ ಬೇಗ ಏಳುವ ಅಭ್ಯಾಸಕ್ಕೆ ತಂದರೆ ಎಂಟು ಗಂಟೆಯ ಕ್ಲಾಸಿಗೆ ಒದ್ದಾಡುವುದಿಲ್ಲ.

ಸಣ್ಣಗಾಗಿದ್ದಾನೆ, ದಪ್ಪಗಾಗಿದ್ದಾನೆ, ಇದೇನು ಕೂದಲು ಅನ್ನುವ ಮಾತು ಬಾಗಿಲಲ್ಲಿ ಬೇಡ. ಮಾರ್ಕ್ಸಿನ ಮಾತೂ ಮೊದಲ ವಾರ ಬೇಡ. ಆಮೇಲೆ ಕೇಳುವಾಗ ಎಷ್ಟು ಬಂತು ಅಂತ ಶುರು ಮಾಡದೆ ಯಾವ ಪೇಪರ್ ಕಷ್ಟ ಆಯಿತು, ಅದಕ್ಕೆ ಎಷ್ಟು ಕ್ರೆಡಿಟ್ (ಅಂದರೆ ಸರಾಸರಿಯಲ್ಲಿ ಆ ಪೇಪರಿಗೆ ಎಷ್ಟು ತೂಕ), ಪಾಸಾಗದೆ ಉಳಿದಿದ್ದರೆ ಮತ್ತೆ ಪರೀಕ್ಷೆ ಯಾವಾಗ ಅಂತ ಕೇಳು. ನಾಲ್ಕು ಕ್ರೆಡಿಟ್ಟಿನ ಗಣಿತದಲ್ಲಿ ಜಾರಿದರೆ ಸರಾಸರಿ ಇಳಿಯುವಷ್ಟು ಒಂದು ಕ್ರೆಡಿಟ್ಟಿನ ಲ್ಯಾಬಿನಲ್ಲಿ ಜಾರಿದರೆ ಇಳಿಯುವುದಿಲ್ಲ. ಪಿಯುಸಿಯ ಶೇಕಡಾ ತೊಂಬತ್ತೈದನ್ನು ಪಕ್ಕದಲ್ಲಿಟ್ಟು ಸಿಜಿಪಿಎ, ಅಂದರೆ ಕಾಲೇಜಿನ ಈ ಸರಾಸರಿ, ನೋಡಬೇಡ. ಅಲ್ಲಿ ಕೂತಿರುವವರೆಲ್ಲ ತೊಂಬತ್ತೈದರವರೇ.

ಮಾತಾಡಿಸುವುದು ಹೇಗೆ ಅಂತ ಕೇಳಿದೆ. ಎದುರಿಗೆ ಕೂರಿಸಿ ಕೇಳಿದರೆ ಈ ವಯಸ್ಸಿನ ಹುಡುಗರು ಬಾಯಿ ಬಿಡುವುದಿಲ್ಲ. ಕೈಗೆ ಕೆಲಸ ಕೊಡು. ಈಗ ಅವರೆಕಾಯಿ ಕಾಲ. ಎರಡು ಕೆಜಿ ಸೊಗಡಿನ ಕಾಯಿ ತಾ, ಸಿಪ್ಪೆ ಮುಟ್ಟಿದರೆ ಬೆರಳಿಗೆ ಎಣ್ಣೆಯ ಹಾಗೆ ಜಿಡ್ಡು ಹತ್ತಬೇಕು. ಸಂಜೆ ಹಾಲಿನಲ್ಲಿ ಪೇಪರ್ ಹಾಸಿ ಇಬ್ಬರೂ ಸುಲಿಯಿರಿ. ಕಾಳು ಒಂದು ಕೆಜಿಗೂ ಕಡಿಮೆಯೇ ಸಿಗುತ್ತದೆ. ಹುಳು ಇದ್ದದ್ದು ಆಯ್ದು ತೆಗೆದು, ಕಾಳು ಮುಳುಗುವಷ್ಟು ನೀರು ಹಾಕಿ ರಾತ್ರಿಯಿಡೀ ನೆನೆಸು. ಬೆಳಿಗ್ಗೆ ಅವನು ಎದ್ದ ಮೇಲೆ ಪಾತ್ರೆ ಮಧ್ಯೆ ಇಟ್ಟುಕೊಂಡು ಹಿತುಕಲು ಕೂರಿಸು. ಹೆಬ್ಬೆರಳು ತೋರುಬೆರಳಿನ ನಡುವೆ ಕಾಳಿನ ಬುಡ ಹಿಡಿದು ಒತ್ತಿದರೆ ಬೇಳೆ ಪಿಚಕ್ಕನೆ ಹಾರಿ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಬೆರಳಲ್ಲಿ ಉಳಿಯುತ್ತದೆ. ಒಂದು ಗಂಟೆಯ ಕೆಲಸ. ಕಣ್ಣು ಪಾತ್ರೆಯ ಮೇಲೆ, ಕೈ ತನ್ನ ಪಾಡಿಗೆ. ಮೊದಲ ಇಪ್ಪತ್ತು ನಿಮಿಷ ಮೆಸ್ಸಿನ ಸಾಂಬಾರು, ರೂಮ್‌ಮೇಟಿನ ಗೊರಕೆ. ಆಮೇಲೆ ಬರುತ್ತದೆ ನಿಜವಾದ ಮಾತು. ಬಂದಾಗ ತಲೆಯೆತ್ತಿ ನೋಡಬೇಡ, ಮಧ್ಯೆ ಬುದ್ಧಿ ಹೇಳಬೇಡ, ಫೋನ್ ಬಂದರೂ ಎದ್ದು ಹೋಗಬೇಡ. ‘ಆಮೇಲೆ ಏನಾಯ್ತು’ ಅಂದರೆ ಸಾಕು. ಆ ಮಾತನ್ನು ಅಜ್ಜಿಯ ಮುಂದೆ ಆಡಿ ನಗಬೇಡ. ಒಂದು ಸಲ ಹಾಗಾದರೆ ಮತ್ತೆ ಹೇಳುವುದಿಲ್ಲ.

ಕೆಲಸ ಅಂದೆನಲ್ಲ, ಅವನ ಬಟ್ಟೆ ಅವನೇ ಒಗೆದುಕೊಳ್ಳಲಿ. ವಾರಕ್ಕೆರಡು ರಾತ್ರಿ ಅಡುಗೆ ಅವನದು. ಕುಕ್ಕರಿನಲ್ಲಿ ಅನ್ನ, ಒಂದು ತಿಳಿಸಾರು, ಒಂದು ಪಲ್ಯ ಬಂದರೆ ಮೂರನೇ ವರ್ಷ ರೂಮ್ ಮಾಡಿಕೊಂಡಾಗ ಹೊಟ್ಟೆಗೆ ಮೋಸವಿಲ್ಲ.

ದುಡ್ಡಿನ ಲೆಕ್ಕಕ್ಕೆ ಅರ್ಧ ಗಂಟೆ ಕೂರಿಸಲು ಯಜಮಾನರಿಗೆ ಹೇಳು. ಯುಪಿಐ ಪಟ್ಟಿ ತೆಗೆದು ಕಳೆದ ತಿಂಗಳದ್ದನ್ನು ಊಟ, ಓಡಾಟ, ಓದು, ಉಳಿದದ್ದು ಅಂತ ಅವನೇ ನಾಲ್ಕು ಭಾಗ ಮಾಡಲಿ. ಒಂದೊಂದು ಸಾಲಿಗೂ ವಿವರಣೆ ಕೇಳಬೇಡಿ. ಒಂದೇ ಒಂದು ವಿಷಯದಲ್ಲಿ ಗಟ್ಟಿಯಾಗಿ ಹೇಳಿ: ‘ನಿನ್ನ ಅಕೌಂಟಿಗೆ ದುಡ್ಡು ಬರುತ್ತೆ, ಮುಂದಕ್ಕೆ ಕಳಿಸು, ಕಮಿಷನ್ ಕೊಡ್ತೀವಿ’ ಅಂತ ಯಾರೇ ಕೇಳಿದರೂ, ಎಷ್ಟೇ ಪರಿಚಯದವರಾದರೂ, ಒಪ್ಪಬಾರದು. ಆನ್‌ಲೈನ್ ಮೋಸದ ಹಣ ಸಾಗಿಸಲು ವಂಚಕರು ಕಾಲೇಜು ಹುಡುಗರ ಖಾತೆಗಳನ್ನು ಹುಡುಕುತ್ತಿರುತ್ತಾರೆ. ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಮನೆಗೇ ಪೊಲೀಸರು ಬರುತ್ತಾರೆ. ಮೋಸ ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್. ಹದಿನೆಂಟು ತುಂಬಿದ್ದರಿಂದ ಹಳೆಯ ಮೈನರ್ ಖಾತೆಗೆ ಹೊಸ ಸಹಿ, ಕೆವೈಸಿ ಕೊಡಬೇಕು. ಇದೇ ರಜೆಯಲ್ಲಿ ಮುಗಿಸಿ. ಮತದಾರರ ಪಟ್ಟಿಗೆ ಫಾರ್ಮ್ 6 ಕೂಡ.

ಸ್ಕೂಟರ್ ಕೇಳಿಯೇ ಕೇಳುತ್ತಾನೆ. ಲೈಸೆನ್ಸ್ ಇಲ್ಲದೆ ಕೀ ಕೊಡಬೇಡ. ಏನಾದರೂ ಆದರೆ ಮಾಲೀಕರಿಗೂ ಕೇಸು, ಇನ್ಶೂರೆನ್ಸಿನವರೂ ತಕರಾರು ತೆಗೆಯುತ್ತಾರೆ. ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) ಆದ ಮೇಲೆ 30 ದಿನ ಕಾಯದೆ ಡಿಎಲ್ (ಪೂರ್ಣ ಲೈಸೆನ್ಸ್) ಪರೀಕ್ಷೆ ಕೊಡಲಾಗುವುದಿಲ್ಲ, ಆದ್ದರಿಂದ ಈ ಮೂರು ವಾರದಲ್ಲಿ ಎರಡೂ ಆಗದು. ಎಲ್‌ಎಲ್‌ಆರ್ ಈಗ ಮಾಡಿಸು, ಅದು ಆರು ತಿಂಗಳು ನಡೆಯುತ್ತದೆ. ಮೇ ರಜೆಯಲ್ಲಿ ಡಿಎಲ್. ರಾತ್ರಿಯ ವಿಷಯಕ್ಕೆ ಗಂಟೆ ಗೊತ್ತು ಮಾಡುವುದಕ್ಕಿಂತ ಮೂರು ಮಾತು ಸಾಕು: ಯಾರ ಜೊತೆ, ಯಾವುದರಲ್ಲಿ ವಾಪಸ್, ತಡವಾದರೆ ಹತ್ತು ಗಂಟೆಗೆ ಒಂದು ಮೆಸೇಜು. ಕೊನೆಯ ಮೆಟ್ರೋ ತಪ್ಪಿದರೆ, ಅಥವಾ ಗಾಡಿ ಓಡಿಸುವವನು ಕುಡಿದಿದ್ದರೆ, ಎಷ್ಟು ಹೊತ್ತಾದರೂ ಫೋನ್ ಮಾಡು, ಅವತ್ತು ಒಂದು ಮಾತೂ ಆಡದೆ ಕರೆದುಕೊಂಡು ಬರುತ್ತೇವೆ ಅಂತ ಹೇಳಿರು. ಹೇಳಿದ ಮೇಲೆ ಹಾಗೇ ನಡೆದುಕೊಳ್ಳಿ. ಡಿಸೆಂಬರ್ 31ರ ರಾತ್ರಿ ಎಂ.ಜಿ. ರೋಡ್, ಬ್ರಿಗೇಡ್ ರೋಡ್ ಸುತ್ತ ಪೊಲೀಸರು ವಾಹನ ತಡೆಯುತ್ತಾರೆ. ವಾಪಸ್ ಬರುವ ದಾರಿ ಮೊದಲೇ ಗೊತ್ತಿರಲಿ.

ಹಲ್ಲು, ಕಣ್ಣು ಎರಡನ್ನೂ ಮೊದಲ ವಾರವೇ ತೋರಿಸು, ಎರಡನೇ ಭೇಟಿಗೆ ದಿನ ಉಳಿಯುತ್ತದೆ. ಘಾಟಿಗೋ ತುಮಕೂರಿಗೋ ಒಂದು ಕಡೆ ಸಾಕು, ಯಾವುದು ಅಂತ ಅವನೇ ಆರಿಸಲಿ.

ಒಂದು ವಿಷಯ ಮಾತ್ರ ಕಣ್ಣಿಟ್ಟು ನೋಡು. ಮೂರು ದಿನದ ನಿದ್ದೆ ಸಹಜ. ಎರಡು ವಾರ ಕಳೆದರೂ ರೂಮಿನಿಂದ ಹೊರಗೆ ಬಾರದೆ, ಇಷ್ಟದ ತಿಂಡಿಯೂ ರುಚಿಸದೆ, ಹಳೆಯ ಗೆಳೆಯರ ಫೋನೂ ಎತ್ತದೆ, ಸ್ನಾನಕ್ಕೂ ಬೇಸರಪಟ್ಟರೆ ಅದು ಆಯಾಸವಲ್ಲ. ‘ನಾನಿದ್ದು ಏನು ಪ್ರಯೋಜನ’ ಅನ್ನುವ ಮಾತು ಒಂದೇ ಸಲ ಬಂದರೂ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡ. ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿ, ಮೆತ್ತಗೆ ಕೇಳು. ಕೇಳಿದರೆ ಆ ಯೋಚನೆ ಹುಟ್ಟಿಕೊಳ್ಳುತ್ತದೆ ಅನ್ನುವುದು ತಪ್ಪು. ಹೌದು ಅಂದರೆ ಒಬ್ಬನನ್ನೇ ಬಿಡದೆ ಅವತ್ತೇ ನಿಮ್ಹಾನ್ಸಿಗೆ ಕರೆದುಕೊಂಡು ಹೋಗು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಇದನ್ನು ನಾಲ್ಕು ಜನಕ್ಕೆ ತಿಳಿದೀತು ಅಂತ ಮುಂದೂಡಬೇಡ ಪುಟ್ಟಿ.

ಹೊರಡುವ ಹಿಂದಿನ ಎರಡು ದಿನ ಅವನು ಸಿಡುಕುತ್ತಾನೆ, ಇಲ್ಲದ ತಪ್ಪು ಹುಡುಕುತ್ತಾನೆ. ಬಿಟ್ಟು ಹೋಗುವ ಸಂಕಟ ಹೀಗೆ ಹೊರಗೆ ಬರುತ್ತದೆ, ನೀನೂ ಸಿಡುಕಬೇಡ. ಕೈ ಚಟ್ನಿಪುಡಿಯ ಕಡೆ ಇರಲಿ. ಅರ್ಧ ಕೆಜಿ ಒಂದೂವರೆ ತಿಂಗಳಿಗೆ ಸಾಕು. ಕೊಬ್ಬರಿ ಕಡಿಮೆ ಹಾಕು, ಕರಾವಳಿಯ ಸೆಕೆಗೆ ಬೇಗ ಕಮಟು ಹಿಡಿಯುತ್ತದೆ. ಪುಡಿ ಮಾಡಿದ ಮೇಲೆ ಪೂರ್ತಿ ಆರದೆ ಡಬ್ಬಿಗೆ ತುಂಬಿದರೆ ಬೆವರಿ ಗಂಟು ಕಟ್ಟುತ್ತದೆ, ತಟ್ಟೆಯಲ್ಲಿ ಹರಡಿ ಎರಡು ಗಂಟೆ ಬಿಡು. ಪುಳಿಯೋಗರೆ ಗೊಜ್ಜನ್ನು ಎಣ್ಣೆ ಬಿಡುವ ತನಕ ಕುದಿಸಿ, ಒಣಗಿದ ಗಾಜಿನ ಬಾಟಲಿಗೆ ಹಾಕು. ನಿಪ್ಪಟ್ಟು ಕೋಡುಬಳೆ ರೂಮ್‌ಮೇಟುಗಳ ಲೆಕ್ಕವನ್ನೂ ಸೇರಿಸಿ ಮಾಡು. ಎಳ್ಳುಬೆಲ್ಲ ಬೇರೆ ಪೊಟ್ಟಣದಲ್ಲಿರಲಿ, ಹಬ್ಬಕ್ಕೆ ಅವನು ಅಲ್ಲಿರುತ್ತಾನೆ. ಅವರೆಕಾಯಿ ತಂದ ದಿನ ನನಗೂ ಎರಡು ಹಿಡಿ ಕಾಳು ಕಳಿಸು, ಅವನ ಕೈಯಲ್ಲೇ.

ಇಂತಿ ನಿನ್ನ ದೊಡ್ಡಮ್ಮ