‘ತಪ್ಪು ಮಾಡಿದೆ’ ಎಂಬ ಮಾತು: ಯುವ ಬರಹಗಾರ್ತಿಗೆ ಒಂದು ಪತ್ರ

ಪ್ರೀತಿಯ ತಂಗಿಗೆ,

ನಿನ್ನ ಹಸ್ತಪ್ರತಿ ಓದಿ ನಾಲ್ಕು ದಿನವಾಯಿತು. ಮೊದಲ ಓದು ಮುಗಿದ ಕೂಡಲೇ ಪತ್ರ ಬರೆಯಲು ಕೂತಿದ್ದೆ, ಬೇಡವೆಂದು ಎದ್ದೆ. ಎರಡನೇ ಸಲ ಓದಿದ ಮೇಲೆ ನಿನಗೆ ಹೇಳಬೇಕಾದ್ದು ನನಗೇ ತಿಳಿಯಾಯಿತು.

ನಿನ್ನ ಕಥೆಯಲ್ಲಿ ಕ್ರೈಸ್ತ ಸಭೆಯ ಲೆಕ್ಕ ನೋಡಿಕೊಳ್ಳುವ ಮನುಷ್ಯ, ವಿಧವೆಯೊಬ್ಬಳಿಗೆಂದು ಕೂಡಿಟ್ಟ ಹಣವನ್ನು ತನ್ನ ಸಾಲ ತೀರಿಸಲು ಬಳಸಿಕೊಳ್ಳುತ್ತಾನೆ. ಸಿಕ್ಕಿಬೀಳುತ್ತಾನೆ. ಕಡೆಗೆ ದೇವರ ಕೃಪೆ ಅವನನ್ನು ಹಿಡಿದೆತ್ತುತ್ತದೆ, ಸೆರೆಮನೆಯಲ್ಲಿರುವವರ ಸೇವೆಗೆ ನಿಲ್ಲುತ್ತಾನೆ. ಕಥೆಗೆ ಜೀವವಿದೆ. ರಾತ್ರಿ ಹೊತ್ತು ಅವನು ಲೆಕ್ಕದ ಪುಸ್ತಕದಲ್ಲಿ ತಾನೇ ತಿದ್ದಿದ ಅಂಕಿಯನ್ನು ಹೆಬ್ಬೆರಳಿನಿಂದ ಉಜ್ಜುತ್ತಾ ಕೂರುತ್ತಾನಲ್ಲ, ಆ ಜಾಗವನ್ನು ದಯವಿಟ್ಟು ಮುಟ್ಟಬೇಡ. ಆದರೆ ಹದಿನಾಲ್ಕನೇ ಪುಟದಲ್ಲಿ ಅವನು ಸಭೆಯ ಮುಂದೆ ಸಾಕ್ಷಿ ಹೇಳುವಾಗ ನೀನು ಅವನ ಬಾಯಿಗೆ ಕೊಟ್ಟಿರುವುದು ಒಂದೇ ವಾಕ್ಯ: ‘ಆ ದಿನಗಳಲ್ಲಿ ಕೆಲವು ತಪ್ಪುಗಳಾದವು.’ ಮುಂದಿನ ಸಾಲಿಗೆ ಎಲ್ಲರ ಕಣ್ಣಲ್ಲಿ ನೀರು. ಅದರ ಮುಂದಿನ ಸಾಲಿಗೆ ಕೃಪೆ ಬಂದೇಬಿಟ್ಟಿದೆ.

ನಾನು ಅಲ್ಲೇ ನಿಂತೆ.

ನಮ್ಮ ಕನ್ನಡ ಈ ವಿಷಯದಲ್ಲಿ ಬಹಳ ಸಡಿಲ ಬಿಡುತ್ತದೆ, ಗಮನಿಸಿದ್ದೀಯಾ? ‘ತಪ್ಪಾಯಿತು’ ಅನ್ನುತ್ತೇವೆ. ಮಳೆಯಾಯಿತು, ಸಂಜೆಯಾಯಿತು, ತಪ್ಪಾಯಿತು. ಮಾಡಿದವರು ಯಾರೂ ಇಲ್ಲ, ತಾನೇ ತಾನಾಗಿ ಆಗಿಹೋಯಿತು. ‘ತಪ್ಪು ಮಾಡಿದೆ’ ಅಂದು ನೋಡು. ‘ನಾನು’ ಎಂಬ ಪದ ಬಿಟ್ಟರೂ ಆ ಕ್ರಿಯಾಪದದ ತುದಿಯಲ್ಲಿ ನಾನು ಕೂತೇ ಇರುತ್ತೇನೆ, ತಪ್ಪಿಸಿಕೊಳ್ಳಲು ಜಾಗವಿಲ್ಲ. ಕ್ರೈಸ್ತ ನಂಬಿಕೆ ಕೃಪೆ ಎಂದು ಕರೆಯುವುದು ಈ ಎರಡನೆಯ ವಾಕ್ಯ ಹೇಳಬೇಕಾದವನಿಗಾಗಿ ಇದೆ. ಆಗಿಹೋದದ್ದಕ್ಕೆ ಕನಿಕರ ಸಾಕು. ಕ್ಷಮೆ ಬೇಕಾಗುವುದು ಮಾಡಿದ್ದಕ್ಕೆ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಅಮ್ಮ ಹಾಸಿಗೆ ಹಿಡಿದಿದ್ದ ಎರಡು ವರ್ಷ ಅವಳನ್ನು ನೋಡಿಕೊಂಡವನು ನನ್ನ ತಮ್ಮ. ನಾನು ದೂರ ಉಳಿದೆ. ಬರವಣಿಗೆ, ಕೆಲಸ, ಮಕ್ಕಳು ಎಂದು ಎಲ್ಲ ಕಾರಣಗಳೂ ನನ್ನ ಬಳಿ ಇದ್ದವು. ಅಮ್ಮ ಹೋದ ಮೇಲೆ ಅವನು ನನ್ನ ಜೊತೆ ಮಾತು ಬಿಟ್ಟ. ಮೂರನೇ ವರ್ಷ ಅವನಿಗೊಂದು ಪತ್ರ ಬರೆಯಲು ಕೂತೆ. ‘ಅಮ್ಮನನ್ನು ನೋಡಿಕೊಳ್ಳಲು ನನಗೆ ಬರಲಾಗಲಿಲ್ಲ’ ಎಂದು ಬರೆದೆ. ಎಷ್ಟು ಸಲ ಓದಿದರೂ ಆ ಸಾಲು ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಕಡೆಗೆ ಹೊಡೆದುಹಾಕಿ, ಅದರ ಮೇಲೆ ‘ಬರಲಿಲ್ಲ’ ಎಂದು ಬರೆದೆ. ಬರಲಾಗಲಿಲ್ಲ, ಬರಲಿಲ್ಲ. ನಡುವೆ ಎರಡೇ ಅಕ್ಷರ. ಆ ಎರಡು ಅಕ್ಷರ ತೆಗೆಯಲು ನನಗೆ ಮೂರು ವರ್ಷ ಹಿಡಿದಿತ್ತು. ತಮ್ಮ ಉತ್ತರ ಬರೆಯಲಿಲ್ಲ. ಹದಿನೈದು ದಿನ ಕಳೆದು ತಾನೇ ಬಂದು ಬಾಗಿಲಲ್ಲಿ ನಿಂತ. ಜೇಬಿನಿಂದ ಅಮ್ಮನ ಕನ್ನಡಕ ತೆಗೆದು, ‘ಇದು ನಿನ್ನ ಹತ್ತಿರ ಇರಲಿ ಅಕ್ಕ’ ಅಂದ. ಒಂದು ಕಡ್ಡಿ ಮುರಿದಿತ್ತು, ಅದಕ್ಕೆ ಅವನೇ ದಾರ ಸುತ್ತಿದ್ದ. ಕ್ಷಮಿಸಿದೆ ಎಂದೇನೂ ಅವನು ಹೇಳಲಿಲ್ಲ.

ಬೈಬಲಿನಲ್ಲಿ ಇಬ್ಬರು ಅರಸರು ಒಂದೇ ಮಾತು ಹೇಳುತ್ತಾರೆ. ಅಮಾಲೇಕ್ಯರ ಮೇಲಿನ ಯುದ್ಧದಲ್ಲಿ ದೇವರ ಅಪ್ಪಣೆ ಮೀರಿದ ಸೌಲನು ಪ್ರವಾದಿ ಸಮುವೇಲನೆದುರು ‘ಪಾಪ ಮಾಡಿದ್ದೇನೆ’ ಅನ್ನುತ್ತಾನೆ, ಬೆನ್ನಿಗೇ ಜನರಿಗೆ ಹೆದರಿದೆ ಎಂಬ ಕಾರಣ ಬರುತ್ತದೆ. ಎರಡನೇ ಸಲವೂ ಅದೇ ಮಾತು ಹೇಳಿ, ಆದರೂ ಹಿರಿಯರ ಮುಂದೆ ನನ್ನ ಮಾನ ಉಳಿಸು ಎಂದು ಬೇಡುತ್ತಾನೆ. ದಾವೀದನ ಪಾಪ ಸೌಲನದಕ್ಕಿಂತ ಚಿಕ್ಕದಲ್ಲ. ತನ್ನ ಸೈನಿಕ ಊರೀಯನ ಹೆಂಡತಿಯನ್ನು ಕರೆಸಿಕೊಂಡ, ಅವಳು ಬಸಿರಾದಾಗ ಮುಚ್ಚಿಹಾಕಲು ನೋಡಿದ, ಆಗದಿದ್ದಾಗ ಊರೀಯನನ್ನು ಯುದ್ಧದ ಮುಂಚೂಣಿಯಲ್ಲಿ ಸಾಯುವಂತೆ ನಿಲ್ಲಿಸಿರೆಂದು ಸೇನಾಪತಿಗೆ ಪತ್ರ ಬರೆದ. ಆ ಪತ್ರವನ್ನು ಊರೀಯನ ಕೈಯಲ್ಲೇ ಕೊಟ್ಟು ಕಳಿಸಿದ. ಬರೆಯುವವಳು ನೀನು, ಈ ವಿವರವನ್ನು ಮರೆಯಬೇಡ. ಪ್ರವಾದಿ ನಾತಾನ ಬಡವನ ಒಂದೇ ಒಂದು ಕುರಿಮರಿಯನ್ನು ಕಿತ್ತುಕೊಂಡ ಶ್ರೀಮಂತನ ಕಥೆ ಹೇಳಿ, ‘ಆ ಮನುಷ್ಯ ನೀನೇ’ ಎಂದಾಗ ದಾವೀದನ ಬಾಯಿಂದ ಬಂದದ್ದು ಹೀಬ್ರೂ ಮೂಲದಲ್ಲಿ ಎರಡೇ ಪದ: ಯೆಹೋವನಿಗೆ ವಿರುದ್ಧವಾಗಿ ಪಾಪ ಮಾಡಿದ್ದೇನೆ. ಕಾರಣವಿಲ್ಲ, ‘ಆದರೆ’ ಇಲ್ಲ. ಕ್ಷಮೆಯ ಮಾತು ತಕ್ಷಣ ಬರುತ್ತದೆ. ಅದರ ಜೊತೆಗೇ, ಆ ಮನೆಯಲ್ಲಿ ಮುಂದೆ ನಡೆಯಲಿರುವ ಅನಾಹುತಗಳೂ ಹಾಗೇ ಉಳಿಯುತ್ತವೆ.

ಈಗ ನಿನ್ನ ವಿಧವೆಯ ಮಾತಿಗೆ ಬರುತ್ತೇನೆ. ನನಗೆ ಹೆಚ್ಚು ನೋವಾದದ್ದು ಅಲ್ಲಿ. ಒಂಬತ್ತನೇ ಪುಟದ ನಂತರ ಅವಳು ಎಲ್ಲಿ ಹೋದಳು? ನಿನ್ನ ನಾಯಕ ಅತ್ತ, ಸಭೆ ಅತ್ತಿತು, ದೇವರು ಕ್ಷಮಿಸಿದ. ಅವಳ ಬಾಡಿಗೆ ಕಟ್ಟಿದವರು ಯಾರು? ಕೃಪೆಯನ್ನು ಬರೆಯುವವರು ಬಹುಪಾಲು ಎಡವುವುದು ಇಲ್ಲೇ. ತಪ್ಪು ಮಾಡಿದವನ ಕಣ್ಣೀರು ಎಷ್ಟು ಜಾಗ ತಿನ್ನುತ್ತದೆಂದರೆ ಅನ್ಯಾಯಕ್ಕೊಳಗಾದವರು ಪುಟದಿಂದಲೇ ಹೊರಬೀಳುತ್ತಾರೆ. ಬೈಬಲ್ ಊರೀಯನನ್ನು ಹಾಗೆ ಬಿಡಲಿಲ್ಲ. ದಾವೀದನ ಶೂರರ ಪಟ್ಟಿ ಎರಡನೇ ಸಮುವೇಲನ ಗ್ರಂಥದ 23ನೇ ಅಧ್ಯಾಯದಲ್ಲಿದೆ, ಅದರ ಕಟ್ಟಕಡೆಯ ಹೆಸರು ಊರೀಯ. ನೂರಾರು ವರ್ಷಗಳ ಮೇಲೆ ಸುವಾರ್ತೆ ಬರೆದ ಮತ್ತಾಯನು, ದಾವೀದನ ವಂಶದಲ್ಲಿ ಹುಟ್ಟಿದ ಯೇಸುವಿನ ವಂಶಾವಳಿ ಬರೆಯುವಾಗ ಬತ್ಷೆಬೆಯ ಹೆಸರು ಹಾಕದೆ ‘ಊರೀಯನ ಹೆಂಡತಿ’ ಎಂದೇ ಬರೆದ. ರಕ್ಷಕನ ಮನೆತನದ ದಾಖಲೆಯಲ್ಲೇ ಕೊಲೆಯಾದವನ ಹೆಸರು. ಅದನ್ನು ಬಿಟ್ಟು ಬರೆಯಬಹುದಿತ್ತು, ಬಿಡಲಿಲ್ಲ.

ಸುಂಕ ವಸೂಲಿಯ ಜಕ್ಕಾಯನ ಕಥೆಯನ್ನೂ ಇನ್ನೊಮ್ಮೆ ಓದು, ನಿನ್ನದು ಹಣದ ಕಥೆಯಾದ್ದರಿಂದ. ಯೇಸು ಮೊದಲು ಅವನ ಮನೆಗೆ ಬರುತ್ತೇನೆಂದ, ಲೆಕ್ಕ ಕೇಳಲಿಲ್ಲ. ಆಮೇಲೆ ಜಕ್ಕಾಯನೇ ಎದ್ದು ನಿಂತು, ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ಸು ಅಂದ. ಕೃಪೆ ಮುಂದೆ, ಲೆಕ್ಕ ಹಿಂದೆ, ಆದರೆ ಲೆಕ್ಕ ಬಂದೇ ಬಂತು.

ನಿನ್ನ ಎರಡನೇ ತೊಡಕು ಸೆರೆಮನೆಯ ಸೇವೆ. ಅದು ಒಳ್ಳೆಯ ಸೇವೆಯೇ. ಆದರೆ ನಿನ್ನ ನಾಯಕ ಸೆರೆಮನೆ ಕಂಡವನಲ್ಲ, ಆ ಉದ್ದೇಶ ಎಲ್ಲಿಂದಲೋ ಎರವಲು ತಂದ ಹಾಗಿದೆ. ಯೇಸುವಿನ ಶಿಷ್ಯ ಪೇತ್ರನನ್ನು ನೋಡು. ಯೋಹಾನನ ಸುವಾರ್ತೆಯಲ್ಲಿ, ಯೇಸುವನ್ನು ಬಂಧಿಸಿದ ರಾತ್ರಿ ಅವನು ಮೂರು ಸಲ ‘ನಾನು ಅವನ ಶಿಷ್ಯನಲ್ಲ’ ಎಂದ ಅಂಗಳದಲ್ಲಿ ಇದ್ದಲಿನ ಬೆಂಕಿ ಉರಿಯುತ್ತಿತ್ತು, ಚಳಿಗೆ ಕೈ ಕಾಯಿಸಿಕೊಳ್ಳುತ್ತಾ ನಿಂತಿದ್ದ. ಇದ್ದಲಿನ ಬೆಂಕಿಗೆ ಅಲ್ಲಿ ಬಳಸಿದ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಬರುವುದು ಎರಡೇ ಕಡೆ. ಇನ್ನೊಂದು ಕಡೆ ಯಾವುದು ಗೊತ್ತೇ? ಪುನರುತ್ಥಾನದ ನಂತರ, ಸರೋವರದ ದಡದಲ್ಲಿ, ಯೇಸು ತಾನೇ ಹೊತ್ತಿಸಿಟ್ಟ ಬೆಂಕಿ. ಆ ಹೊಗೆಯ ವಾಸನೆ ಮೂಗಿಗೆ ಬಡಿದಾಗ ಪೇತ್ರನಿಗೆ ಏನನ್ನಿಸಿರಬೇಕು! ಯೇಸು ಮೊದಲು ಊಟಕ್ಕೆ ಕರೆದ. ಉಂಡ ಮೇಲೆ ‘ನನ್ನನ್ನು ಪ್ರೀತಿಸುತ್ತೀಯಾ’ ಎಂದು ಕೇಳಿದ, ಒಂದಲ್ಲ, ಮೂರು ಸಲ. ಅಲ್ಲಗಳೆದ ಮಾತನ್ನು ಬಾಯಿಬಿಟ್ಟು ಎತ್ತಲಿಲ್ಲ, ಎಣಿಕೆಯಲ್ಲೇ ಎಲ್ಲ ಇತ್ತು. ಪ್ರತಿ ಉತ್ತರಕ್ಕೂ ಒಂದು ಕೆಲಸ ಒಪ್ಪಿಸಿದ: ನನ್ನ ಕುರಿಗಳನ್ನು ಮೇಯಿಸು. ತಾನು ಯಾರಿಗೂ ಬಗ್ಗುವವನಲ್ಲ ಎಂದುಕೊಂಡಿದ್ದವನ ಕೈಗೆ ಆ ಕೆಲಸ ಬರಲಿಲ್ಲ, ತನ್ನ ಬಣ್ಣ ತಾನೇ ಕಂಡವನ ಕೈಗೆ ಬಂತು.

ನಿನ್ನ ನಾಯಕ ಬಿದ್ದದ್ದು ಎಲ್ಲಿ? ಸಾಲವನ್ನು ಯಾರಿಗೂ ಹೇಳಲಾರದ ನಾಚಿಕೆಯಲ್ಲಿ. ಹಾಗಾದರೆ ಅವನನ್ನು ಅಲ್ಲಿಗೇ ಕರೆದುಕೊಂಡು ಹೋಗು. ಸಾಲದಲ್ಲಿ ಮುಳುಗಿದ ಒಬ್ಬನ ಪಕ್ಕ ಕೂತು, ಅವನು ಮುಚ್ಚಿಟ್ಟ ಚೀಟಿಗಳನ್ನೆಲ್ಲ ಹೊರಗೆ ತೆಗೆಸಿ, ಒಂದೊಂದೇ ಬರೆದುಕೊಳ್ಳಲಿ. ಆ ಕೆಲಸ ಅವನಷ್ಟು ಚೆನ್ನಾಗಿ ಬೇರೆ ಯಾರಿಗೂ ಬಾರದು. ಹಾಗೆಂದು ಸಭೆಯ ಹಣದ ಪೆಟ್ಟಿಗೆಯ ಬೀಗದ ಕೈಯನ್ನು ಅವನಿಗೆ ಮರಳಿ ಕೊಡಿಸಬೇಡ. ಕ್ಷಮೆ ಬೇರೆ, ಬೀಗದ ಕೈ ಬೇರೆ. ಕ್ಷಮಿಸಿದ್ದೀರಲ್ಲ, ಮತ್ತೇಕೆ ನಂಬುವುದಿಲ್ಲ ಎಂದು ಒತ್ತಾಯಿಸುವವರಿಂದ ಎಷ್ಟೋ ಬಡಪಾಯಿಗಳಿಗೆ ಎರಡನೇ ಸಲ ಪೆಟ್ಟು ಬಿದ್ದಿದೆ.

ಅವನನ್ನು ಒಂದೇ ರಾತ್ರಿಯಲ್ಲಿ ಸಂತನನ್ನಾಗಿಯೂ ಮಾಡಬೇಡ. ದಡದ ಬೆಂಕಿಯ ಮುಂದೆ ಕ್ಷಮೆ ಪಡೆದ ಅದೇ ಪೇತ್ರ, ಮುಂದೆ ಅಂತಿಯೋಕ್ಯ ಪಟ್ಟಣದಲ್ಲಿ ಯೆಹೂದ್ಯರಲ್ಲದವರ ಜೊತೆ ಉಣ್ಣುತ್ತಿದ್ದವನು, ತನ್ನ ಯೆಹೂದ್ಯರು ಬಂದಾಗ ಹೆದರಿ ಹಿಂದೆ ಸರಿದ. ಜೊತೆಯ ಬೋಧಕ ಪೌಲ ಮುಖಾಮುಖಿಯಾಗಿ ಅವನನ್ನು ತರಾಟೆಗೆ ತೆಗೆದುಕೊಂಡ. ಜಾನ್ ನ್ಯೂಟನ್‌ನ ಬದುಕೂ ಹಾಗೇ. ಗುಲಾಮರ ವ್ಯಾಪಾರದಲ್ಲಿದ್ದ ಈ ಇಂಗ್ಲಿಷ್ ನಾವಿಕ 1748ರಲ್ಲಿ ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ ದೇವರ ಕರುಣೆಗೆ ಮೊರೆಯಿಟ್ಟ. ಜನ ಕಥೆಯನ್ನು ಅಲ್ಲಿಗೇ ಮುಗಿಸುತ್ತಾರೆ. ನಿಜದಲ್ಲಿ ಆಮೇಲೂ ಅವನು ಗುಲಾಮರನ್ನು ಸಾಗಿಸುವ ಹಡಗುಗಳಿಗೆ ಕಪ್ತಾನನಾಗಿದ್ದ. 1754ರಲ್ಲಿ ಸಮುದ್ರ ಬಿಟ್ಟದ್ದೂ ಕಾಯಿಲೆಯಿಂದ. 1764ರಲ್ಲಿ ಪಾದ್ರಿಯಾದ. ಕೃಪೆಯ ಮೇಲಿನ ಅವನ ಆ ಜಗತ್ಪ್ರಸಿದ್ಧ ಗೀತೆ ‘ಅಮೇಜಿಂಗ್ ಗ್ರೇಸ್’ 1773ರ ಹೊಸವರ್ಷದ ಉಪದೇಶಕ್ಕೆಂದು ಹುಟ್ಟಿತು. ಆ ವ್ಯಾಪಾರದ ವಿರುದ್ಧ ಕಿರುಪುಸ್ತಕ ಬರೆದು, ಅದರಲ್ಲಿ ತನ್ನ ಕೈಯಿದ್ದುದನ್ನು ಬಹಿರಂಗವಾಗಿ ಒಪ್ಪಿಕೊಂಡದ್ದು 1788ರಲ್ಲಿ. ಬಿರುಗಾಳಿಯಿಂದ ಆ ಪುಸ್ತಕಕ್ಕೆ 40 ವರ್ಷ. ಆ 40 ವರ್ಷಗಳನ್ನು ನೆನೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ, ಆ ಹಡಗಿನ ತಳದಲ್ಲಿ ಸರಪಳಿ ತೊಟ್ಟಿದ್ದವರಿಗೆ ಅಷ್ಟು ಕಾಲ ಎಲ್ಲಿತ್ತು? ಆದರೂ ಒಬ್ಬ ಮನುಷ್ಯನನ್ನು ಅಷ್ಟು ವರ್ಷ ಕೈಬಿಡದೆ, ಸತ್ಯ ಹೇಳುವ ಮಟ್ಟಕ್ಕೆ ತಂದು ನಿಲ್ಲಿಸಿದ ಕೃಪೆಯನ್ನು ಕಂಡು ತಲೆಬಾಗುತ್ತೇನೆ. ಎರಡೂ ನನ್ನೊಳಗೆ ಒಟ್ಟಿಗೇ ಇವೆ. ನಿನ್ನ ಓದುಗರೊಳಗೂ ಎರಡೂ ಇರಲು ಬಿಡು.

ಹದಿನಾಲ್ಕನೇ ಪುಟವನ್ನು ಹೊಸದಾಗಿ ಬರಿ. ಸಭೆಯ ಮುಂದೆ ನಿಲ್ಲುವುದಕ್ಕೂ ಮೊದಲು ಅವನು ಆ ವಿಧವೆಯ ಮನೆ ಬಾಗಿಲು ತಟ್ಟಲಿ. ಎಷ್ಟು ಹಣ ತೆಗೆದೆ, ಯಾವ ತಿಂಗಳು ತೆಗೆದೆ ಎಂದು ತಾನೇ ಹೇಳಲಿ. ಅವಳು ಕ್ಷಮಿಸಲೇಬೇಕೆಂದು ನೀನು ಹಠ ಹಿಡಿಯಬೇಡ. ನೋಟುಗಳನ್ನು ಎರಡು ಸಲ ಎಣಿಸಿಕೊಂಡು, ಒಂದೂ ಮಾತಾಡದೆ ಬಾಗಿಲು ಹಾಕಿಕೊಂಡರೂ ಸರಿ. ಆ ಮುಚ್ಚಿದ ಬಾಗಿಲ ಮುಂದೆ ಅವನು ಎಷ್ಟು ಹೊತ್ತು ನಿಲ್ಲುತ್ತಾನೋ ಅಷ್ಟು ಹೊತ್ತು ನೀನೂ ಅವನ ಜೊತೆ ನಿಂತು, ಆಮೇಲೆ ಮುಂದಿನ ಸಾಲು ಬರಿ.

ಹೊಸ ಪ್ರತಿ ಸಿಕ್ಕ ದಿನವೇ ಓದುತ್ತೇನೆ.

ಪ್ರಾರ್ಥನೆಯೊಂದಿಗೆ,
ನಿನ್ನ ಅಕ್ಕ